ಇಗ್ನಿಷನ್ ಇಂಟರ್‌ಲಾಕ್: ಲಿಯಾಂಡ್ರಾ ಕಾನೂನು ಕಾರಿನೊಳಗೆ ತಂದ ಸಾಧನ ಹೇಗಿದೆ?

ನ್ಯೂಯಾರ್ಕ್ ರಾಜ್ಯದಲ್ಲಿ ಕುಡಿದು ವಾಹನ ಓಡಿಸಿ ಶಿಕ್ಷೆಗೆ ಒಳಗಾದವರು ತಮ್ಮ ಕಾರಿಗೆ ಹಾಕಿಸಿಕೊಳ್ಳಲೇಬೇಕಾದ ಇಗ್ನಿಷನ್ ಇಂಟರ್‌ಲಾಕ್ ಎಂಬ ಸಾಧನವನ್ನೂ, ಅದನ್ನು ಜೋಡಿಸಿ ನಿರ್ವಹಿಸುವ ಸೇವೆಯನ್ನೂ ಕುರಿತ ವಿಮರ್ಶೆ ಇದು. ಬೇಕು ಬೇಡ ಎನ್ನುವ ಸ್ವಾತಂತ್ರ್ಯವೇ ಇಲ್ಲದ ವಸ್ತುವಿಗೆ ವಿಮರ್ಶೆ ಏಕೆ ಎಂದು ಕೆಲವರಿಗೆ ಅನಿಸಬಹುದು. ಆದರೆ ಯಾವ ಕಂಪನಿಯಿಂದ ಹಾಕಿಸಬೇಕು, ಸಹಿ ಮಾಡುವ ಮುನ್ನ ಏನೇನು ಕೇಳಬೇಕು, ಮನೆಯ ಉಳಿದವರ ದಿನಚರಿ ಅದರಿಂದ ಹೇಗೆ ಬದಲಾಗುತ್ತದೆ ಎಂಬುದನ್ನು ನಮ್ಮ ಭಾಷೆಯಲ್ಲಿ ವಿವರಿಸಿದವರು ನಮಗೆ ಬೇಕಾದ ಹೊತ್ತಿನಲ್ಲಿ ಯಾರೂ ಸಿಗಲಿಲ್ಲ. ನನ್ನ ಚಿಕ್ಕಪ್ಪನ ಮಗನ ಕಾರಿಗೆ ನ್ಯಾಯಾಲಯದ ಆದೇಶದಂತೆ ಈ ಸಾಧನ ಬಂತು. ಪೊಲೀಸರು ಕಾರು ನಿಲ್ಲಿಸಿದ ರಾತ್ರಿ ಹಿಂದಿನ ಸೀಟಿನಲ್ಲಿ ಅವನ ಮಗ ಕುಳಿತಿದ್ದ. ಯಾರಿಗೂ ಪೆಟ್ಟಾಗಿರಲಿಲ್ಲ, ಕಾರಿಗೆ ಗೀರು ಕೂಡ ಬಿದ್ದಿರಲಿಲ್ಲ, ಆದರೂ ಮಗು ಕಾರಿನಲ್ಲಿತ್ತು ಎಂಬ ಒಂದೇ ಕಾರಣಕ್ಕೆ ಪ್ರಕರಣದ ಸ್ವರೂಪವೇ ಬೇರೆಯಾಯಿತು. ಅವನ ಲೈಸೆನ್ಸ್ ರದ್ದಾಗಿದ್ದ ಅವಧಿಯಲ್ಲಿ ಆ ಕಾರನ್ನು ಹೆಚ್ಚಾಗಿ ಓಡಿಸಿದವಳು ನಾನು. ಹಾಗಾಗಿ ಆ ಸಾಧನಕ್ಕೆ ಊದಿದ ಅನುಭವವೂ ನನ್ನದೇ.

ಮೊದಲಿಗೆ ಸಾಧನ ಏನೆಂದು ಹೇಳುತ್ತೇನೆ. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಪೆಟ್ಟಿಗೆ, ಅದಕ್ಕೆ ಬದಲಾಯಿಸಬಹುದಾದ ಪ್ಲಾಸ್ಟಿಕ್ ಊದುಕೊಳವೆ, ಅಲ್ಲಿಂದ ಡ್ಯಾಶ್‌ಬೋರ್ಡಿನ ಒಳಗೆ ಹೋಗುವ ಸುರುಳಿ ತಂತಿ, ಎದುರಿಗೆ ಗಾಜಿನ ಅಂಚಿನಲ್ಲಿ ಓಡಿಸುವವರ ಮುಖಕ್ಕೆ ತಿರುಗಿದ ಚಿಕ್ಕ ಕ್ಯಾಮೆರಾ. ಕೀಲಿ ತಿರುಗಿಸಿದರೆ ಎಂಜಿನ್ ಶುರುವಾಗುವುದಿಲ್ಲ. ಪರದೆಯ ಮೇಲೆ ಊದಲು ಸೂಚನೆ ಬಂದ ಮೇಲೆ ಶ್ವಾಸಕೋಶದ ಆಳದಿಂದ ಉಸಿರು ಬರುವಷ್ಟು ಹೊತ್ತು ಒಂದೇ ಸಮನಾಗಿ ಊದಬೇಕು. ಒಳಗೆ ಪ್ಲಾಟಿನಂ ವಿದ್ಯುದ್ವಾರಗಳಿರುವ ಫ್ಯೂಯೆಲ್ ಸೆಲ್ ಇರುತ್ತದೆ. ಉಸಿರಿನಲ್ಲಿ ಆಲ್ಕೋಹಾಲ್ ಇದ್ದರೆ ಅದು ಅಲ್ಲಿ ಉತ್ಕರ್ಷಣೆಗೊಂಡು ಅಲ್ಪ ಪ್ರಮಾಣದ ವಿದ್ಯುತ್ತನ್ನು ಹುಟ್ಟಿಸುತ್ತದೆ, ಆ ವಿದ್ಯುತ್ತಿನ ಪ್ರಮಾಣದಿಂದ ರಕ್ತದಲ್ಲಿನ ಆಲ್ಕೋಹಾಲನ್ನು ಸಾಧನ ಲೆಕ್ಕ ಹಾಕುತ್ತದೆ. ನ್ಯೂಯಾರ್ಕ್‌ನಲ್ಲಿ ಕುಡಿದು ಓಡಿಸಿದ ಅಪರಾಧಕ್ಕೆ ಮಿತಿ ಶೇ. 0.08 ಆಗಿದ್ದರೂ ಸಾಧನವನ್ನು ಶೇ. 0.025ಕ್ಕೆ ಹೊಂದಿಸಿರುತ್ತಾರೆ. ಅಂದರೆ ಊಟದ ಜೊತೆ ತೆಗೆದುಕೊಂಡ ಒಂದು ಬಿಯರ್ ಕೂಡ ಕೆಲವರಿಗೆ ಕಾರು ಶುರುವಾಗದಂತೆ ಮಾಡಲು ಸಾಕು. ಈ ಬಿಗಿ ನನಗೆ ಸರಿಯೆನಿಸುತ್ತದೆ. ಶಿಕ್ಷೆಯ ಅವಧಿಯಲ್ಲಿ ಇರುವವರಿಗೆ ಎಷ್ಟು ಕುಡಿಯಬಹುದು ಎಂಬ ಲೆಕ್ಕಾಚಾರಕ್ಕೇ ಎಡೆ ಇರಬಾರದು.

ಈ ಸಾಧನ ಇಲ್ಲಿ ಇಷ್ಟು ವ್ಯಾಪಕವಾದ ಹಿನ್ನೆಲೆಯನ್ನು ಹೇಳದೆ ಅದರ ಗುಣದೋಷ ಹೇಳಲಾಗದು. 2009ರ ಜುಲೈ 26ರಂದು ನ್ಯೂಯಾರ್ಕ್‌ನ ಟ್ಯಾಕೋನಿಕ್ ಸ್ಟೇಟ್ ಪಾರ್ಕ್‌ವೇಯಲ್ಲಿ ಅಮಲಿನಲ್ಲಿದ್ದ ತಾಯಿಯೊಬ್ಬರು ತಮ್ಮ ಇಬ್ಬರು ಮಕ್ಕಳನ್ನೂ ಅಣ್ಣನ ಮೂವರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ವಿರುದ್ಧ ದಿಕ್ಕಿನಲ್ಲಿ ವಾಹನ ಓಡಿಸಿ, ನಾಲ್ವರು ಮಕ್ಕಳೂ ಸೇರಿ ಒಟ್ಟು ಎಂಟು ಮಂದಿ ಸತ್ತರು. ಅದೇ ವರ್ಷ ಅಕ್ಟೋಬರ್ 11ರಂದು ಮ್ಯಾನ್‌ಹ್ಯಾಟನ್ನಿನ ಹೆನ್ರಿ ಹಡ್ಸನ್ ಪಾರ್ಕ್‌ವೇಯಲ್ಲಿ ಗೆಳತಿಯ ತಾಯಿ ಓಡಿಸುತ್ತಿದ್ದ ಕಾರು ಉರುಳಿ 11 ವರ್ಷದ ಲಿಯಾಂಡ್ರಾ ರೊಸಾಡೊ ಎಂಬ ಬಾಲಕಿ ಪ್ರಾಣ ಕಳೆದುಕೊಂಡಳು. ಗೆಳತಿಯ ಮನೆಯಲ್ಲಿ ರಾತ್ರಿ ಉಳಿಯಲೆಂದು ಏಳು ಹುಡುಗಿಯರು ಆ ಕಾರಿನಲ್ಲಿ ಹೊರಟಿದ್ದರು, ಓಡಿಸುತ್ತಿದ್ದವರು ಕುಡಿದಿದ್ದರು. ಮಗಳನ್ನು ಕಳೆದುಕೊಂಡ ತಂದೆ ರಾಜಧಾನಿ ಆಲ್ಬನಿಗೆ ಹೋಗಿ ಶಾಸಕರ ಮುಂದೆ ನಿಂತರು. ಎರಡು ತಿಂಗಳೂ ತುಂಬುವ ಮೊದಲೇ, ನವೆಂಬರ್ 18ರಂದು, ಗವರ್ನರ್ ಡೇವಿಡ್ ಪ್ಯಾಟರ್ಸನ್ ಮಸೂದೆಗೆ ಸಹಿ ಹಾಕಿದರು. ಡಿಸೆಂಬರ್ 18ರಿಂದ ಅದು ಜಾರಿಗೆ ಬಂತು. ಕಾಗದದ ಮೇಲೆ ಅದರ ಹೆಸರು ಮಕ್ಕಳ ಪ್ರಯಾಣ ರಕ್ಷಣಾ ಕಾಯಿದೆ. ವಕೀಲರಿಂದ ಹಿಡಿದು ಕ್ಲಾರ್ಕುಗಳವರೆಗೆ ಎಲ್ಲರೂ ಕರೆಯುವುದು ಲಿಯಾಂಡ್ರಾ ಕಾನೂನು ಎಂದೇ.

ಆ ಕಾನೂನಿನ ಪ್ರಕಾರ 15 ವರ್ಷ ಅಥವಾ ಅದಕ್ಕಿಂತ ಚಿಕ್ಕ ಮಗು ಕಾರಿನಲ್ಲಿರುವಾಗ ಶೇ. 0.08 ಅಥವಾ ಹೆಚ್ಚಿನ ಆಲ್ಕೋಹಾಲ್ ಮಟ್ಟದಲ್ಲಾಗಲಿ ಮಾದಕ ವಸ್ತುವಿನ ಪ್ರಭಾವದಲ್ಲಾಗಲಿ ವಾಹನ ಓಡಿಸಿದರೆ, ಅದು ಮೊದಲ ಸಲದ ತಪ್ಪಾದರೂ ಇ ದರ್ಜೆಯ ಫೆಲನಿ. ಫೆಲನಿಯೆಂದರೆ ಒಂದು ವರ್ಷಕ್ಕೂ ಮೀರಿದ ಸೆರೆವಾಸಕ್ಕೆ ದಾರಿಯಿರುವ ಗಂಭೀರ ಅಪರಾಧ. ಇಲ್ಲಿ ಗರಿಷ್ಠ ನಾಲ್ಕು ವರ್ಷ ಸೆರೆ, 1,000ದಿಂದ 5,000 ಡಾಲರ್ ದಂಡ, ಕನಿಷ್ಠ ಒಂದು ವರ್ಷ ಲೈಸೆನ್ಸ್ ರದ್ದತಿ. ಮಗುವಿಗೆ ತೀವ್ರ ಗಾಯವಾದರೆ 15 ವರ್ಷದವರೆಗೆ, ಮಗು ಸತ್ತರೆ 25 ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಒಂಟಿಯಾಗಿ ಕುಡಿದು ಓಡಿಸಿ ಮೊದಲ ಸಲ ಸಿಕ್ಕಿಬಿದ್ದವನ ಅಪರಾಧ ಸಾಮಾನ್ಯವಾಗಿ ಕೆಳದರ್ಜೆಯದು, ಜೀವನ ಪೂರ್ತಿ ಹಿಂಬಾಲಿಸುವ ಫೆಲನಿ ಅಲ್ಲ. ಅದೇ ಮನುಷ್ಯ, ಅದೇ ಪ್ರಮಾಣದ ಮದ್ಯ, ಅದೇ ರಸ್ತೆ, ಹಿಂದೆ ಮಗುವಿದ್ದರೆ ಮಾತ್ರ ಫೆಲನಿ. ನಮ್ಮವರಲ್ಲಿ ಹಲವರು ಇದನ್ನು ಅತಿಯೆನ್ನುತ್ತಾರೆ, ಸ್ವಂತ ಮಗುವಿನ ಮೇಲೆ ತಂದೆಗಿಲ್ಲದ ಕಾಳಜಿ ಸರ್ಕಾರಕ್ಕೆ ಇದೆಯೇ ಎಂದು ಕೇಳುತ್ತಾರೆ. ಅಂಥವರಿಗೆ ನಾನು ಒಂದು ಅಧ್ಯಯನದ ಅಂಕಿಯನ್ನು ತೋರಿಸುತ್ತೇನೆ. ಅಮೆರಿಕದಲ್ಲಿ 1985ರಿಂದ 1996ರವರೆಗೆ ಕುಡಿದ ಚಾಲಕರು ಒಳಗೊಂಡ ಅಪಘಾತಗಳಲ್ಲಿ ಸತ್ತ ಮಕ್ಕಳ ಪೈಕಿ ಶೇ. 64 ಮಂದಿ ಕುಡಿದ ಚಾಲಕನ ಕಾರಿನಲ್ಲೇ ಕುಳಿತಿದ್ದವರು. ಎದುರಿನಿಂದ ಬಂದ ಯಾವನೋ ಕುಡುಕ ಗುದ್ದಿ ಸತ್ತ ಮಕ್ಕಳಿಗಿಂತ ಮನೆಯವರೋ ಪರಿಚಿತರೋ ಕುಡಿದು ಓಡಿಸಿದ ಕಾರಿನಲ್ಲಿ ಸತ್ತ ಮಕ್ಕಳೇ ಹೆಚ್ಚು. ಚಾಲಕ ಹೆಚ್ಚು ಕುಡಿದಷ್ಟೂ ಮಗುವಿಗೆ ಬೆಲ್ಟ್ ಹಾಕಿರುವ ಸಾಧ್ಯತೆ ಕಡಿಮೆಯಾಗುತ್ತಿತ್ತೆಂದೂ ಆ ಅಧ್ಯಯನ ಕಂಡುಕೊಂಡಿತು. ಕಾಳಜಿಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನ್ನ ಬಳಿ ಇಲ್ಲ.

ಇಂಟರ್‌ಲಾಕ್ ಭಾಗ ಜಾರಿಗೆ ಬಂದದ್ದು 2010ರ ಆಗಸ್ಟ್ 15ರಿಂದ. ಅದು ಮಗು ಜೊತೆಗಿದ್ದವರಿಗೆ ಮಾತ್ರ ಸೀಮಿತವಲ್ಲ, 0.08ರ ಮಿತಿ ಮೀರಿ ಶಿಕ್ಷೆಗೆ ಒಳಗಾದ ಎಲ್ಲರೂ ತಮ್ಮ ಹೆಸರಿನಲ್ಲಿರುವ ಅಥವಾ ತಾವು ಓಡಿಸುವ ಪ್ರತಿಯೊಂದು ವಾಹನಕ್ಕೂ ಇದನ್ನು ಹಾಕಿಸಬೇಕು. 2013ರ ತಿದ್ದುಪಡಿಯ ನಂತರ ಕನಿಷ್ಠ ಅವಧಿ 12 ತಿಂಗಳು. ಆರು ತಿಂಗಳು ಸರಿಯಾಗಿ ಇಟ್ಟುಕೊಂಡಿದ್ದಕ್ಕೆ ದಾಖಲೆ ಕೊಟ್ಟರೆ ಕೆಲವು ಪ್ರಕರಣಗಳಲ್ಲಿ ಮುಂಚೆಯೇ ತೆಗೆಯಲು ಅವಕಾಶವಿದೆ, ನ್ಯಾಯಾಧೀಶರು ಹೆಚ್ಚಿನ ಅವಧಿ ಹೇಳಿದ್ದರೆ ಇಲ್ಲ. ವಾಹನವೇ ಇಲ್ಲ ಎನ್ನುವವರು ಇಲ್ಲವೆಂದು ಪ್ರಮಾಣ ಮಾಡಿ ಹೇಳಬೇಕು. ನಮ್ಮ ತಮ್ಮನಿಗೆ ಸ್ಟಿಯರಿಂಗ್ ಮುಟ್ಟುವ ಅನುಮತಿಯೇ ಇರಲಿಲ್ಲ, ಆದರೂ ಕಾರು ಅವನ ಹೆಸರಿನಲ್ಲಿದ್ದ ಕಾರಣ ಸಾಧನ ಬರಲೇಬೇಕಾಯಿತು. ಈ ನಿಯಮ ಮನೆಯವರೆಲ್ಲರನ್ನೂ ಶಿಕ್ಷೆಗೆ ಗುರಿ ಮಾಡಿದಂತೆ ಕಾಣುತ್ತದೆ. ತಮ್ಮನ ಹೆಂಡತಿ ಆಗಿನ್ನೂ ಲೈಸೆನ್ಸ್ ಪಡೆದಿರಲಿಲ್ಲ. ಶಾಲೆ, ಹಲ್ಲಿನ ವೈದ್ಯರು, ಈಜು ತರಗತಿ ಎಲ್ಲಕ್ಕೂ ಹುಡುಗನನ್ನು ಕರೆದೊಯ್ಯುವ ಹೊಣೆ ನನ್ನ ಮೇಲೆ ಬಿತ್ತು, ಕುಡಿತದ ಗಂಧವೇ ಗೊತ್ತಿಲ್ಲದ ನಾನು ಪ್ರತಿ ಸಲವೂ ಊದಿಯೇ ಹೊರಡಬೇಕಾಯಿತು.

ಜೋಡಣೆಯ ಕೆಲಸಕ್ಕೆ ಬಹುತೇಕ ಒಂದು ಬೆಳಗಿನ ಹೊತ್ತು ಹಿಡಿಯಿತು. ಸ್ಟಾರ್ಟರಿಗೆ ಹೋಗುವ ತಂತಿಯನ್ನು ಕತ್ತರಿಸಿ ನಡುವೆ ಸಾಧನವನ್ನು ಸೇರಿಸುತ್ತಾರೆ. ಕೆಲಸ ಮಾಡಿದ ಹುಡುಗ ಅಚ್ಚುಕಟ್ಟಾಗಿ ಮಾಡಿದ, ತಂತಿಗಳನ್ನು ಟೇಪಿನಿಂದ ಸುತ್ತಿ ಮುದ್ರೆ ಒತ್ತಿದ. ಮುದ್ರೆ ಮುರಿದರೆ ಏನಾಗುತ್ತದೆ ಎಂಬುದನ್ನು ಎರಡು ಬಾರಿ ಹೇಳಿದ. ಆದರೆ ತರಬೇತಿ ಎನ್ನುವುದು ಹತ್ತು ನಿಮಿಷದ ಒಂದು ವಿಡಿಯೊ ಮತ್ತು ಒಂದು ಕರಪತ್ರ ಮಾತ್ರ. ಕಾರನ್ನು ಬಳಸುವ ಮನೆಯ ಉಳಿದವರನ್ನು ಕರೆಸಿ ಅವರ ಕೈಯಲ್ಲೂ ಊದಿಸಿ ನೋಡಬೇಕಿತ್ತು. ನಮ್ಮ ಸಾಧನಕ್ಕೆ ಬರಿದೇ ಊದಿದರೆ ಸಾಲದು, ಊದುತ್ತಲೇ ಗಂಟಲಿನಲ್ಲಿ ಹ್‌ಮ್ ಎಂಬ ದನಿ ಹೊರಡಿಸಬೇಕಿತ್ತು. ಬಲೂನಿನಿಂದಲೋ ಪಂಪಿನಿಂದಲೋ ಗಾಳಿ ಕೊಟ್ಟು ಮೋಸ ಮಾಡದಿರಲಿ ಎಂಬುದು ಅದರ ಉದ್ದೇಶ. ಅಭ್ಯಾಸವಾಗುವವರೆಗೆ ಉಸಿರು ಸಾಲದು ಎಂಬ ಸಂದೇಶ ಮತ್ತೆ ಮತ್ತೆ ಬಂತು. ಹಿಂದೆ ಕುಳಿತ ಹುಡುಗ, "ಅತ್ತೆ, ಇನ್ನೂ ಜೋರಾಗಿ, ಹಾಡೋ ಥರ ಊದಿ" ಎಂದು ಹೇಳಿಕೊಟ್ಟ. ಅವನು ಅಪ್ಪ ಅಭ್ಯಾಸ ಮಾಡುವುದನ್ನು ನೋಡಿದ್ದನಂತೆ.

ಅದೇ ಹುಡುಗ ಒಂದು ದಿನ, "ನಾನು ಊದಲಾ?" ಎಂದ. ಮಕ್ಕಳಿಗೆ ಇದೊಂದು ಆಟದ ಸಾಮಾನಿನಂತೆ ಕಾಣುವುದು ಸಹಜ. ಆದರೆ ಹೆತ್ತವರು ಇಲ್ಲಿ ಕಟ್ಟುನಿಟ್ಟಾಗಿರಬೇಕು. ಸಾಧನದ ಷರತ್ತಿಗೆ ಒಳಪಟ್ಟವನು ಕಾರು ಓಡಿಸಲೆಂದು ಬೇರೊಬ್ಬರ ಕೈಯಲ್ಲಿ ಊದಿಸುವುದೂ, ಅವನಿಗಾಗಿ ಬೇರೊಬ್ಬರು ಊದುವುದೂ ನ್ಯೂಯಾರ್ಕ್‌ನಲ್ಲಿ ಎ ದರ್ಜೆಯ ಕ್ರಿಮಿನಲ್ ಅಪರಾಧ, ಒಂದು ವರ್ಷದ ಒಳಗಿನ ಸೆರೆವಾಸಕ್ಕೆ ಅವಕಾಶವಿದೆ. ಗಂಡನಿಗಾಗಿ ಹೆಂಡತಿ, ಅಣ್ಣನಿಗಾಗಿ ತಮ್ಮ ಊದಿದರೂ ಅಷ್ಟೇ. ಕ್ಯಾಮೆರಾ ಇರುವ ಮಾದರಿಯನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಯಾರು ಊದಿದರು ಎಂಬ ಪ್ರಶ್ನೆ ಎದ್ದಾಗ ಚಿತ್ರ ನಿರಪರಾಧಿಯ ಪರ ನಿಲ್ಲುತ್ತದೆ. ನಾನು ಓಡಿಸುವಾಗ ನಡೆದ ಒಂದು ತಪ್ಪು ಪರೀಕ್ಷೆ ತಮ್ಮನ ಖಾತೆಗೆ ಬೀಳದಂತೆ ಉಳಿದದ್ದೂ ಚಿತ್ರದಲ್ಲಿ ನನ್ನ ಮುಖ ಇದ್ದುದರಿಂದಲೇ.

ಆ ತಪ್ಪು ಪರೀಕ್ಷೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಮ್ಮ ಮನೆಗಳಲ್ಲಿ ಇದು ನಡೆಯುವ ಸಾಧ್ಯತೆ ಹೆಚ್ಚು. ಚಿಕ್ಕಮ್ಮ ಊರಿನಿಂದ ಬರುವಾಗ ದಶಮೂಲಾರಿಷ್ಟ ತಂದಿದ್ದರು. ಅರಿಷ್ಟ, ಆಸವಗಳು ಹುದುಗಿಸಿ ಮಾಡುವ ಔಷಧಗಳು. ಅವುಗಳಲ್ಲಿ ತಾನಾಗಿಯೇ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಬಾಟಲಿಯ ಮೇಲೆ ಸಣ್ಣ ಅಕ್ಷರದಲ್ಲಿ ಅದನ್ನು ಮುದ್ರಿಸಿಯೂ ಇರುತ್ತಾರೆ. ಬೆನ್ನುನೋವಿಗೆಂದು ಎರಡು ಚಮಚ ಕುಡಿದು ಕೂಡಲೇ ಕಾರು ಹತ್ತಿದ ನನಗೆ ಸಾಧನ ಬಾಗಿಲು ಹಾಕಿತು. ಬಾಯಲ್ಲಿ ಉಳಿದ ಆಲ್ಕೋಹಾಲಿಗೂ ರಕ್ತದಲ್ಲಿರುವುದಕ್ಕೂ ಇರುವ ವ್ಯತ್ಯಾಸ ಫ್ಯೂಯೆಲ್ ಸೆಲ್ಲಿಗೆ ತಿಳಿಯದು. ಬಾಯಿ ಮುಕ್ಕಳಿಸಿ ಕಾಲು ಗಂಟೆ ಕಾದು ಮತ್ತೆ ಊದಿದಾಗ ಶುರುವಾಯಿತು. ಮೌತ್‌ವಾಶ್, ಕೆಮ್ಮಿನ ಸಿರಪ್, ಕೈಗೆ ಹಚ್ಚುವ ಸ್ಯಾನಿಟೈಸರಿನ ಹಬೆ ಇವೆಲ್ಲವೂ ಇದೇ ತೊಂದರೆ ಕೊಡುತ್ತವೆ. ಚಳಿಗಾಲದಲ್ಲಿ ಗಾಜು ತೊಳೆಯುವ ದ್ರವದಲ್ಲಿರುವ ಮೆಥನಾಲ್ ಕೂಡ ಕಾರಿನೊಳಗೆ ಹಬ್ಬಿದರೆ ಸಾಧನವನ್ನು ದಾರಿ ತಪ್ಪಿಸಬಲ್ಲದು. ಸೇವಾ ಕೇಂದ್ರದವರು ಮೌತ್‌ವಾಶಿನ ವಿಷಯ ಹೇಳಿದ್ದರು, ಆಯುರ್ವೇದದ ಔಷಧಗಳ ವಿಷಯ ಅವರಿಗೆ ಗೊತ್ತಿರುವ ಸಾಧ್ಯತೆಯೇ ಇಲ್ಲ. ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಅಂಥ ಪರೀಕ್ಷೆ ವಿಫಲವಾದ ಕೂಡಲೇ ದಿನಾಂಕ, ಹೊತ್ತು, ತೆಗೆದುಕೊಂಡ ಔಷಧದ ಹೆಸರು ಬರೆದಿಟ್ಟು ಬಾಟಲಿಯ ಫೋಟೊ ತೆಗೆಯಿರಿ, ಮತ್ತು ಸಾಧನ ಕೇಳಿದ ಮರುಪರೀಕ್ಷೆಯನ್ನು ಎಂದಿಗೂ ತಪ್ಪಿಸಬೇಡಿ. ತಪ್ಪಿಸಿದ ಮರುಪರೀಕ್ಷೆ ವಿಫಲವಾದ ಪರೀಕ್ಷೆಯಷ್ಟೇ ಕೆಟ್ಟದಾಗಿ ಪ್ರೊಬೇಷನ್ (ಸೆರೆಯ ಬದಲು ನಿಗಾದಲ್ಲಿ ಕಳೆಯುವ ಶಿಕ್ಷೆಯ ಅವಧಿ) ಅಧಿಕಾರಿಯ ಮುಂದೆ ಕಾಣುತ್ತದೆ.

ಓಡುತ್ತಿರುವಾಗಲೂ ಸಾಧನ ಅನಿರೀಕ್ಷಿತವಾಗಿ ಊದಲು ಕೇಳುತ್ತದೆ. ಶುರು ಮಾಡುವಾಗ ಬೇರೆಯವರು ಊದಿ ಆಮೇಲೆ ಕುಡಿದವನು ಓಡಿಸದಿರಲಿ, ದಾರಿಯಲ್ಲಿ ಕುಡಿಯದಿರಲಿ ಎಂಬುದು ಇದರ ಕಾರಣ. ಎಂಜಿನ್ ಏಕಾಏಕಿ ನಿಂತುಬಿಡುತ್ತದೆ ಎಂಬ ಭಯ ಹಲವರಲ್ಲಿದೆ, ಹಾಗೇನೂ ಆಗುವುದಿಲ್ಲ. ಹೆದ್ದಾರಿಯಲ್ಲಿ ಎಂಜಿನ್ ನಿಲ್ಲಿಸುವುದು ಅಪಾಯವಾದ್ದರಿಂದ ಅದು ಹಾರ್ನ್ ಬಾರಿಸುತ್ತದೆ, ದೀಪ ಮಿಟುಕಿಸುತ್ತದೆ, ದಾಖಲೆ ಮಾಡಿಕೊಳ್ಳುತ್ತದೆ. ಊದಲು ಕೆಲವು ನಿಮಿಷಗಳ ಕಾಲಾವಕಾಶ ಇರುತ್ತದೆ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ ಊದಬಹುದು. ಆದರೂ ಮಕ್ಕಳು ಹಿಂದಿರುವಾಗ, ಹಿಮ ಬೀಳುತ್ತಿರುವಾಗ, ಟ್ರಕ್ಕುಗಳ ನಡುವೆ ಹೋಗುತ್ತಿರುವಾಗ ಆ ಬೀಪ್ ಸದ್ದು ಗಮನ ಕೆಡಿಸುವುದು ನಿಜ. ಇದನ್ನು ನಾನು ಸಾಧನದ ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ. ಚಳಿಗಾಲದಲ್ಲಿ ಸಾಧನ ಬಿಸಿಯಾಗಲು ತೆಗೆದುಕೊಳ್ಳುವ ಸಮಯ, ಕಾರನ್ನು ಹಲವು ದಿನ ಹಾಗೇ ನಿಲ್ಲಿಸಿದರೆ ಬ್ಯಾಟರಿ ಇಳಿಯುವುದು, ಇವೆಲ್ಲ ಸಣ್ಣ ತೊಡಕುಗಳು.

ಖರ್ಚನ್ನು ಅಪರಾಧಿಯೇ ಭರಿಸಬೇಕು. ನಮಗೆ ತಿಂಗಳ ಬಾಡಿಗೆ ನೂರು ಡಾಲರಿನ ಒಳಗೇ ಬಂತು, ಜೋಡಣೆ ಮತ್ತು ತೆಗೆಯುವಿಕೆ ಪ್ರತ್ಯೇಕ. ನಿಜವಾಗಿಯೂ ಕೊಡಲು ಆಗದವರು ಹಣಕಾಸಿನ ವಿವರ ಸಲ್ಲಿಸಿ ವಿನಾಯಿತಿ ಕೇಳಬಹುದು, ನ್ಯಾಯಾಧೀಶರು ಪೂರ್ತಿಯಾಗಿಯೋ ಭಾಗಶಃವೋ ಮನ್ನಾ ಮಾಡಬಹುದು. ಆದರೆ ಸಾಧನದ ಬಾಡಿಗೆ ಒಟ್ಟು ಹೊರೆಯಲ್ಲಿ ಚಿಕ್ಕ ಪಾಲು. ಮೋಟಾರು ವಾಹನ ಇಲಾಖೆಗೆ ವರ್ಷಕ್ಕೆ 250 ಡಾಲರಿನಂತೆ ಮೂರು ವರ್ಷ ಕಟ್ಟಬೇಕಾದ ಶುಲ್ಕ, ಏಳು ವಾರಗಳ 16 ಗಂಟೆಯ ಚಾಲಕರ ತರಗತಿ, ಏರಿದ ವಿಮೆಯ ಕಂತು, ವಕೀಲರ ಫೀಸು, ಪ್ರೊಬೇಷನ್ ಭೇಟಿಗಾಗಿ ಕಳೆದುಹೋದ ಕೆಲಸದ ದಿನಗಳು, ಇವನ್ನೆಲ್ಲ ಕೂಡಿಸಿದರೆ ಬಾಡಿಗೆಯ ಮೊತ್ತ ಕಣ್ಣಿಗೂ ಕಾಣುವುದಿಲ್ಲ.

ಹಣಕ್ಕಿಂತ ಕಠಿಣವಾದ ಎರಡು ಪರಿಣಾಮಗಳು ನಮ್ಮವರಿಗೆ ಮೊದಲು ಹೊಳೆಯುವುದೇ ಇಲ್ಲ. ಓಡಿಸಿದವರು ಮಗುವಿನ ತಂದೆ, ತಾಯಿ ಅಥವಾ ಪೋಷಕರಾಗಿದ್ದರೆ ಬಂಧಿಸಿದ ಪೊಲೀಸರು ಮಕ್ಕಳ ಮೇಲಿನ ದೌರ್ಜನ್ಯವನ್ನು ದಾಖಲಿಸುವ ರಾಜ್ಯ ಮಟ್ಟದ ಕೇಂದ್ರಕ್ಕೆ ವರದಿ ಮಾಡಲೇಬೇಕೆಂದು ಲಿಯಾಂಡ್ರಾ ಕಾನೂನು ಹೇಳುತ್ತದೆ. ವರದಿ ಹೋದ 24 ಗಂಟೆಯೊಳಗೆ ಮಕ್ಕಳ ರಕ್ಷಣಾ ಇಲಾಖೆ ತನಿಖೆ ಆರಂಭಿಸಬೇಕು, 60 ದಿನಗಳಲ್ಲಿ ತೀರ್ಮಾನಕ್ಕೆ ಬರಬೇಕು. ಇಲಾಖೆಯ ಅಧಿಕಾರಿ ಮನೆಗೆ ಬಂದು ಫ್ರಿಜ್ ತೆರೆದು ನೋಡಿದರು, ಹುಡುಗ ಮಲಗುವ ಕೋಣೆ ನೋಡಿದರು, ಅವನೊಬ್ಬನನ್ನೇ ಕೂರಿಸಿಕೊಂಡು ಮಾತನಾಡಿಸಿದರು. ಅವರು ಸೌಜನ್ಯದಿಂದಲೇ ನಡೆದುಕೊಂಡರು. ಆದರೂ ಆ ಬಾಗಿಲು ಮುಚ್ಚಿದ ಅರ್ಧ ಗಂಟೆ ಹೊರಗೆ ನಿಂತ ತಾಯಿಯ ಮುಖ ಹೇಗಿತ್ತೆಂದು ನಾನು ಕಂಡಿದ್ದೇನೆ, ತಮ್ಮನಿಗೆ ಸೆರೆವಾಸದ ಮಾತು ಬಂದಾಗಲೂ ಅವಳು ಹಾಗೆ ಕಂಗೆಟ್ಟಿರಲಿಲ್ಲ.

ಎರಡನೆಯದು ವಲಸೆಗೆ ಸಂಬಂಧಿಸಿದ್ದು. ಕುಡಿದು ಓಡಿಸಿದ ಆರೋಪದ ಮೇಲೆ ಬಂಧನವಾದರೆ ಸಾಕು, ಶಿಕ್ಷೆಯಾಗದೆಯೂ ಅಮೆರಿಕದ ವಿದೇಶಾಂಗ ಇಲಾಖೆ ಎಚ್-1ಬಿಯಂತಹ ವೀಸಾವನ್ನು ರದ್ದು ಮಾಡಬಹುದು. ದೇಶದೊಳಗಿರುವವರ ಕೆಲಸದ ಅನುಮತಿ ಅದರಿಂದ ತಕ್ಷಣ ಹೋಗದು, ಆದರೆ ಮದುವೆಗೋ ತಂದೆಯ ಕಾಯಿಲೆಗೋ ಊರಿಗೆ ಹೋದವರು ಮರಳಲು ಹೊಸ ವೀಸಾ ಪಡೆಯಬೇಕು. ಚೆನ್ನೈ ದೂತಾವಾಸದ ಸಂದರ್ಶನದ ಜೊತೆಗೆ ಅವರು ನೇಮಿಸಿದ ವೈದ್ಯರಿಂದ ಪರೀಕ್ಷೆಯೂ ಆಗಬೇಕಾಗುತ್ತದೆ. ಮಗುವಿನ ಉಪಸ್ಥಿತಿ ಇದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಮಗುವನ್ನು ಅಪಾಯಕ್ಕೆ ಒಡ್ಡಿದ ಅಪರಾಧವನ್ನೂ ಇಂಥ ಪ್ರಕರಣಗಳಲ್ಲಿ ಪೊಲೀಸರು ಸೇರಿಸುವುದುಂಟು. ನ್ಯೂಯಾರ್ಕ್‌ನ ಆ ಅಪರಾಧ ಗಡೀಪಾರಿಗೆ ಕಾರಣವಾಗುವ ಮಕ್ಕಳ ದೌರ್ಜನ್ಯದ ವರ್ಗಕ್ಕೆ ಸೇರುತ್ತದೆ ಎಂದು ವಲಸೆ ಮೇಲ್ಮನವಿ ಮಂಡಳಿ 2016ರಲ್ಲಿ ತೀರ್ಪು ಕೊಟ್ಟಿದೆ. ಫೆಲನಿಯನ್ನು ತಪ್ಪಿಸಿಕೊಳ್ಳಲೆಂದು ಇದನ್ನು ಒಪ್ಪಿಕೊಳ್ಳುವುದು ಕ್ರಿಮಿನಲ್ ವಕೀಲರ ದೃಷ್ಟಿಯಲ್ಲಿ ಲಾಭವೆನಿಸಬಹುದು, ಗ್ರೀನ್ ಕಾರ್ಡ್ ಹೊಂದಿದವರಿಗೆ ಅದೇ ಹೆಚ್ಚು ಅಪಾಯಕಾರಿಯಾಗಬಹುದು. ಆದ್ದರಿಂದ ಯಾವುದೇ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ವಲಸೆ ಕಾನೂನು ತಿಳಿದ ವಕೀಲರನ್ನು ಪ್ರತ್ಯೇಕವಾಗಿ ಕೇಳಲೇಬೇಕು. ಪ್ರೊಬೇಷನ್ ಮುಗಿಯುವವರೆಗೆ ಪೌರತ್ವದ ಅರ್ಜಿ ಕೂಡ ಮಂಜೂರಾಗುವುದಿಲ್ಲ. ಕಂಪನಿಯ ಕರಪತ್ರದಲ್ಲಿ ಇದರ ಸುಳಿವೂ ಇಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು.

ಬೇರೆ ರಾಜ್ಯಗಳಲ್ಲಿರುವ ಕನ್ನಡಿಗರು ಇದೇ ನಿಯಮ ತಮಗೂ ಅನ್ವಯ ಎಂದು ತಿಳಿಯಬಾರದು. ಟೆಕ್ಸಾಸ್‌ನಲ್ಲಿ 15ಕ್ಕಿಂತ ಕೆಳಗಿನ ಮಗುವಿದ್ದರೆ ಅದು ನೇರವಾಗಿ ಫೆಲನಿ, 180 ದಿನದಿಂದ ಎರಡು ವರ್ಷದವರೆಗೆ ಸೆರೆ, 10,000 ಡಾಲರ್‌ವರೆಗೆ ದಂಡ. ಕ್ಯಾಲಿಫೋರ್ನಿಯಾದಲ್ಲಿ 14ಕ್ಕಿಂತ ಕೆಳಗಿನ ಮಗುವಿದ್ದರೆ ಮೂಲ ಶಿಕ್ಷೆಯ ಮೇಲೆ ಮೊದಲ ಸಲಕ್ಕೆ 48 ಗಂಟೆ, ಎರಡನೆಯದಕ್ಕೆ 10 ದಿನ ಹೆಚ್ಚುವರಿ ಸೆರೆ ಸೇರುತ್ತದೆ. ಕರ್ನಾಟಕದಲ್ಲಿ ಚಿತ್ರ ಬೇರೆ. ಭಾರತದ ಮೋಟಾರು ವಾಹನ ಕಾಯಿದೆಯ ಸೆಕ್ಷನ್ 185ರ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ, ನ್ಯೂಯಾರ್ಕ್‌ನ 80 ಮಿಲಿಗ್ರಾಮಿಗಿಂತ ಎಷ್ಟೋ ಬಿಗಿ. 2019ರ ಸೆಪ್ಟೆಂಬರ್ 1ರಿಂದ ಮೊದಲ ತಪ್ಪಿಗೆ 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡೂ. ಆದರೆ ಹಿಂದೆ ಮಗುವಿತ್ತು ಎಂಬುದಕ್ಕೆ ಆ ಸೆಕ್ಷನ್ನಿನಲ್ಲಿ ಪ್ರತ್ಯೇಕ ಬೆಲೆಯಿಲ್ಲ. ಮಗುವಿಗೆ ಬೆಲ್ಟ್ ಹಾಕದಿದ್ದರೆ 1,000 ರೂಪಾಯಿ ದಂಡವಿದೆ, ಬಾಲನ್ಯಾಯ ಕಾಯಿದೆಯಲ್ಲಿ ಮಗುವನ್ನು ಸಂಕಟಕ್ಕೆ ಒಡ್ಡಿದ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ ವಿಧಿಸಬಲ್ಲ ಸೆಕ್ಷನ್ 75 ಇದೆ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರು ಬೆಳಗಿನ ಹೊತ್ತು ಶಾಲಾ ವಾಹನಗಳ ಚಾಲಕರನ್ನು ಊದಿಸಿ ಪರೀಕ್ಷಿಸುವುದನ್ನು ನೋಡಿದಾಗ, ಮಗುವಿನ ಉಪಸ್ಥಿತಿಯೇ ಅಪರಾಧವನ್ನು ಹಿರಿದು ಮಾಡುತ್ತದೆ ಎಂಬ ಮಾತು ಅಲ್ಲಿಯ ಕಾನೂನಿನಲ್ಲಿಯೂ ಸ್ಪಷ್ಟವಾಗಿ ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಈಗ ಸಾಧನದ ಬಗ್ಗೆ ನನ್ನ ತೀರ್ಮಾನ. ಅದು ತನ್ನ ಕೆಲಸವನ್ನು ಮಾಡುತ್ತದೆ. ಸಾಧನ ಕಾರಿನಲ್ಲಿರುವಷ್ಟು ಕಾಲ ಮತ್ತೆ ಕುಡಿದು ಓಡಿಸಿ ಬಂಧನಕ್ಕೊಳಗಾಗುವವರ ಸಂಖ್ಯೆ ಸುಮಾರು ಮೂರರಲ್ಲಿ ಎರಡು ಪಾಲಿನಷ್ಟು ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಾಗಿ ನೋಡಿದವರು ಕಂಡುಕೊಂಡಿದ್ದಾರೆ. ತೆಗೆದ ಮೇಲೆ ಆ ಲಾಭ ಉಳಿಯುವುದಿಲ್ಲ ಎಂಬುದೂ ಅದೇ ಅಧ್ಯಯನಗಳ ಮಾತು. ಅದಕ್ಕೆ ಉಸಿರಿನಲ್ಲಿರುವ ಆಲ್ಕೋಹಾಲ್ ಮಾತ್ರ ಗೊತ್ತು. 2021ರಿಂದ ನ್ಯೂಯಾರ್ಕ್‌ನಲ್ಲಿ ವಯಸ್ಕರಿಗೆ ಗಾಂಜಾ ಕಾನೂನುಬದ್ಧವಾಗಿದೆ, ಗಾಂಜಾ ಸೇದಿ ಮಗುವನ್ನು ಕೂರಿಸಿಕೊಂಡು ಓಡಿಸಿದವರಿಗೂ ಲಿಯಾಂಡ್ರಾ ಕಾನೂನು ಅನ್ವಯಿಸುತ್ತದೆ, ಸಾಧನ ಮಾತ್ರ ಅವರನ್ನು ನಗುತ್ತಲೇ ಬಿಟ್ಟುಬಿಡುತ್ತದೆ. ಗೆಳೆಯನ ಕಾರು ಎರವಲು ತಂದು ಓಡಿಸಿದರೂ ಅದಕ್ಕೆ ತಿಳಿಯದು. ಹೊಸ ಕಾರುಗಳಲ್ಲೇ ಅಮಲನ್ನು ಗುರುತಿಸುವ ವ್ಯವಸ್ಥೆ ಇರಬೇಕೆಂದು 2021ರ ಅಮೆರಿಕದ ಕೇಂದ್ರ ಸರ್ಕಾರದ ಮೂಲಸೌಕರ್ಯ ಕಾಯಿದೆ ಹೇಳಿತು. ಅದರ ನಿಯಮ ರೂಪಿಸಲು ಕೊಟ್ಟಿದ್ದ 2024ರ ನವೆಂಬರಿನ ಗಡುವು ನಿಯಮವಿಲ್ಲದೆಯೇ ದಾಟಿಹೋಯಿತು.

ಇಷ್ಟೆಲ್ಲ ಕೊರತೆಗಳ ನಡುವೆಯೂ ನಾನು ಇದರ ಪರ ನಿಲ್ಲಲು ಕಾರಣ ಬೇರೆಯೇ ಇದೆ. ನಮ್ಮ ಯುಗಾದಿ, ರಾಜ್ಯೋತ್ಸವದ ಕೂಟಗಳು ಮುಗಿದ ಮೇಲೆ ಯಾರದೋ ಮನೆಯ ನೆಲಮಾಳಿಗೆಯಲ್ಲಿ ಗಂಡಸರ ಗ್ಲಾಸುಗಳು ಮುಂದುವರಿಯುತ್ತವೆ, ಮಕ್ಕಳು ಮೇಲೆ ಸೋಫಾದಲ್ಲಿ ನಿದ್ದೆ ಹೋಗಿರುತ್ತಾರೆ. ಹೊರಡುವ ಹೊತ್ತಿಗೆ ಹೆಂಡತಿ "ನಾನು ಓಡಿಸ್ತೀನಿ, ಕೀ ಕೊಡಿ" ಎಂದರೆ "ಎರಡೇ ಪೆಗ್, ಏನೂ ಆಗಲ್ಲ, ಕೂತ್ಕೋ" ಎಂಬ ಉತ್ತರ ಬರುತ್ತದೆ. ನಾಲ್ಕು ಜನರ ಮುಂದೆ ಅವಳು ಮತ್ತೆ ಒತ್ತಾಯಿಸುವುದಿಲ್ಲ. ಆತಿಥೇಯರಿಗೆ ದೊಡ್ಡವರ ಕೈಯಿಂದ ಕೀಲಿ ಕಿತ್ತುಕೊಳ್ಳಲು ಸಂಕೋಚ. ಇಂಟರ್‌ಲಾಕ್‌ಗೆ ಹಿರಿಯರು, ಕಿರಿಯರು, ಮರ್ಯಾದೆ, ಸಂಕೋಚ ಯಾವುದೂ ಇಲ್ಲ. ಅದು ಬೇಡ ಎಂದರೆ ಮಾತು ಮುಗಿಯಿತು, ಮನೆಯವರು ಯಾರೂ ಕೆಟ್ಟವರಾಗಬೇಕಿಲ್ಲ. ತಮ್ಮನ ಲೈಸೆನ್ಸ್ ಷರತ್ತಿನೊಂದಿಗೆ ಮರಳಿ ಬಂದ ಮೇಲೆ ಅವನ ಹೆಂಡತಿ ನನ್ನೊಡನೆ ಹೇಳಿದ್ದೂ ಇದನ್ನೇ: "ಅಕ್ಕ, ಈಗ ನಾನು ಅವರ ಮುಖ ನೋಡ್ತಾ ಕೂರಬೇಕಿಲ್ಲ."

ನ್ಯಾಯಾಲಯದ ಆದೇಶವಿಲ್ಲದೆಯೂ ಹಲವು ಕಂಪನಿಗಳು ಸ್ವಇಚ್ಛೆಯಿಂದ ಕೇಳಿದವರಿಗೆ ಈ ಸಾಧನ ಹಾಕಿಕೊಡುತ್ತವೆ. ಆದೇಶವಿರಲಿ ಇಲ್ಲದಿರಲಿ, ಕಂಪನಿ ಆರಿಸುವಾಗ ಕ್ಯಾಮೆರಾ ಇದೆಯೇ, ದಾಖಲೆ ಇಳಿಸಿಕೊಳ್ಳಲು ಪ್ರತಿ ಬಾರಿಯೂ ಕೇಂದ್ರಕ್ಕೆ ಹೋಗಬೇಕೇ, ಕೇಂದ್ರ ಮನೆಯಿಂದ ಎಷ್ಟು ದೂರ, ತುರ್ತು ಹೊತ್ತಿನಲ್ಲಿ ರಾತ್ರಿ ಫೋನ್ ಎತ್ತುವವರಿದ್ದಾರೆಯೇ, ತೆಗೆಯುವಾಗ ಕತ್ತರಿಸಿದ ತಂತಿಯನ್ನು ಸರಿಪಡಿಸಿಕೊಡುವ ಖರ್ಚು ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ. ನಮ್ಮ ಕೇಂದ್ರ ಕೊನೆಯ ಪ್ರಶ್ನೆಗೆ ಬಾಯಿಮಾತಿನಲ್ಲಿ ಒಂದು ಹೇಳಿ ಬಿಲ್ಲಿನಲ್ಲಿ ಇನ್ನೊಂದು ಬರೆಯಿತು. ಒಂದು ಮನೆಯಲ್ಲಿ ಎರಡು ಕಾರಿದ್ದು ಒಂದು ಮಾತ್ರ ಅಪರಾಧಿಯ ಹೆಸರಿನಲ್ಲಿದ್ದರೆ, ಮಕ್ಕಳನ್ನು ಸಾಗಿಸುವ ಕಾರಿಗೇ ಸಾಧನ ಇರುವಂತೆ ನೋಡಿಕೊಳ್ಳಿ, ಅದಕ್ಕಾಗಿ ಇನ್ನೊಂದು ಬಾಡಿಗೆ ತೆರಬೇಕಾದರೂ ಸರಿ.